ಹಿರಿಯರ ಲೆಕ್ಕದ ಪುಸ್ತಕ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಯಸ್ಸಾದವರು ಹೇಳಿದ್ದನ್ನೇ ಹೇಳಿದಾಗ, ಹಣೆಯ ಮೇಲೇರಿಸಿಕೊಂಡ ಕನ್ನಡಕವನ್ನು ಮನೆಯೆಲ್ಲ ಹುಡುಕಿದಾಗ, ಕಿರಿಯರು ಈ ಮಾತನ್ನಾಡಿ ನಕ್ಕು ಸುಮ್ಮನಾಗುತ್ತಾರೆ. ಬೇಂದ್ರೆಯವರು ತಮ್ಮ ಅರವತ್ತರ ಸುಮಾರಿಗೆ ಈ ಗಾದೆಯನ್ನೇ ಒಡೆದು, ಮರಳಿ ಅರಳುವುದು ಎಂಬ ಅರ್ಥ ಹೊಮ್ಮುವಂತೆ ಮಾಡಿ, ತಮ್ಮ ಸಂಕಲನಕ್ಕೆ ಅದನ್ನೇ ಹೆಸರಾಗಿಟ್ಟರು. ‘ಅರಳು ಮರಳು’ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕವಿಗೆ ಅದು ಸಾಧ್ಯ. ಸಂಸಾರಿಗಳ ಮನೆಯಲ್ಲಿ ಈ ಮಾತು ಮಾಡುವ ಕೆಲಸವೇ ಬೇರೆ. ನೋಡಬೇಕಾದುದನ್ನು ನೋಡದಂತೆ ಅದು ನಗೆಯ ಪರದೆಯೊಂದನ್ನು ಎಳೆಯುತ್ತದೆ. ನಾನೂ ಆ ಗಾದೆಯ ಹೊಸ್ತಿಲನ್ನು ದಾಟಿ ಕೆಲವು ವರ್ಷಗಳಾದುವು. ಆದುದರಿಂದ ಈ ಪರದೆಯ ಒಳಗಿನಿಂದಲೂ ಹೊರಗಿನಿಂದಲೂ ಮಾತನಾಡುವ ಅಧಿಕಾರ ನನಗೆ ಸ್ವಲ್ಪ ಉಂಟೆಂದು ಭಾವಿಸಿದ್ದೇನೆ.

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವುದನ್ನು ನಾವು ಮರೆವಿನ ಕಾಯಿಲೆ ಎನ್ನುತ್ತೇವೆ. ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮರೆವಿನ ಕಾಯಿಲೆಯೆಂದರೆ ಮಕ್ಕಳ ಹೆಸರನ್ನು ಮರೆಯುವುದು, ಮನೆಯ ದಾರಿಯನ್ನು ಮರೆಯುವುದು ಎಂದು ನಾವು ಎಣಿಸಿದ್ದೇವೆ. 2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರು ಅಭಿನಯಿಸಿದ ವೃದ್ಧ ತಂದೆ ಊರಿನಲ್ಲಿ ಕಳೆದುಹೋಗುತ್ತಾರೆ, ಮಗ ಬೀದಿ ಬೀದಿ ಹುಡುಕುತ್ತಾನೆ. ಆ ಚಿತ್ರ ನೋಡಿದವರ ಮನಸ್ಸಿನಲ್ಲಿ ಈ ಕಾಯಿಲೆಯ ರೂಪ ಅದೇ ಆಗಿ ನಿಂತಿದೆ. ಚಿತ್ರದ ಮಟ್ಟಿಗೆ ಅದು ಸರಿ. ಆದರೆ ಅನೇಕ ಮನೆಗಳಲ್ಲಿ, ಮನುಷ್ಯ ದಾರಿ ತಪ್ಪುವ ದಿನಕ್ಕೆ ಬಹಳ ಮುಂಚೆಯೇ ಅವನ ಲೆಕ್ಕ ತಪ್ಪಿರುತ್ತದೆ. ಲೆಕ್ಕವೆಂದರೆ ಹಣದ ಲೆಕ್ಕ. ಅದನ್ನು ಕುರಿತೇ ಈ ಹೊತ್ತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ನಾನು ಬಲ್ಲ ಬೆಂಗಳೂರು ಚಿಕ್ಕದು. 1892ರಲ್ಲಿ ಕಟ್ಟಲಾರಂಭಿಸಿದ ಚಾಮರಾಜಪೇಟೆ, ಅದೇ ದಶಕದಲ್ಲಿ ರೂಪುಗೊಂಡು 1898ರ ಪ್ಲೇಗಿನ ಅನಂತರ ಜನ ತುಂಬಿದ ಬಸವನಗುಡಿ, ಮಲ್ಲೇಶ್ವರ, ಇಷ್ಟೇ ಅದರ ಎಲ್ಲೆ. ಗುಮಾಸ್ತರು, ಮೇಷ್ಟರು, ವಕೀಲರು, ಲೆಕ್ಕಪತ್ರ ಇಲಾಖೆಯವರು ತುಂಬಿದ್ದ ಈ ಬಡಾವಣೆಗಳಿಗೆ ತಮ್ಮದೇ ಒಂದು ಸಾಹಿತ್ಯಪ್ರಕಾರವಿತ್ತು. ಯಾವ ಸಾಹಿತ್ಯಚರಿತ್ರೆಯೂ ಅದನ್ನು ಗುರುತಿಸಿಲ್ಲ. ಅದು ಮನೆಯ ಯಜಮಾನನ ಡೈರಿ. ಜನವರಿಯಲ್ಲಿ ಬ್ಯಾಂಕಿನವರೋ ವಿಮೆಯವರೋ ಕೊಟ್ಟ ಡೈರಿಯಲ್ಲಿ ದಿನದಿನದ ಜಮಾಖರ್ಚು. ಹಾಲು ಇಷ್ಟು, ಹೂವು ಇಷ್ಟು, ಕಾಫಿಪುಡಿ ಅರ್ಧ ಕೆ.ಜಿ., ಚಿಕೋರಿ ಬೆರೆಸದ್ದು. ವಿದ್ಯುತ್ತಿನ ಬಿಲ್ಲು ಕಟ್ಟಿದ ತಾರೀಖು. ನಿಶ್ಚಿತ ಠೇವಣಿ ಮುಗಿಯುವ ತಾರೀಖಿಗೆ ಕೆಂಪು ಶಾಯಿಯ ಗುರುತು. ಏಪ್ರಿಲಿನಲ್ಲಿಯೇ ಮನೆಯ ಕಂದಾಯ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆದುದಕ್ಕೆ ಅಂಚಿನಲ್ಲೊಂದು ಸಣ್ಣ ಟಿಪ್ಪಣಿ. ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಿತ ಪ್ರಮಾಣಪತ್ರ ಕೊಟ್ಟ ದಾಖಲೆ. ತಿಂಗಳ ಕೊನೆಯಲ್ಲಿ ಕೂಡಿಸಿದ ಮೊತ್ತ, ಅದರ ಕೆಳಗೆ ಎರಡು ಗೀಟು. ಆ ಎರಡು ಗೀಟುಗಳಲ್ಲಿ ಒಬ್ಬ ಮನುಷ್ಯನ ಆತ್ಮಗೌರವವೆಲ್ಲ ಅಡಗಿರುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಕಾಯಿಲೆ ಮೊದಲು ಕೈಯಿಡುವುದು ಈ ಪುಸ್ತಕದ ಮೇಲೆ. ಏಕೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ಬಿಲ್ಲೊಂದನ್ನು ಕಟ್ಟುವುದು ಸಣ್ಣ ಕೆಲಸವೆಂದು ತೋರುತ್ತದೆ. ಬಂದ ಕಾಗದವನ್ನು ಗಮನಿಸಬೇಕು, ಕೊನೆಯ ದಿನವನ್ನು ಮನಸ್ಸಿನಲ್ಲಿ ಹಿಡಿದಿರಬೇಕು, ಖಾತೆಯಲ್ಲಿರುವ ಹಣದೊಡನೆ ಅದನ್ನು ತೂಗಬೇಕು, ಬೇರೆ ಖರ್ಚಿಗೂ ಇದಕ್ಕೂ ಯಾವುದು ಮೊದಲೆಂದು ನಿರ್ಣಯಿಸಬೇಕು, ಕಟ್ಟಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕಟ್ಟಿಯಾಯಿತೆಂಬುದನ್ನು ನೆನಪಿಡಬೇಕು. ಗಮನ, ನೆನಪು, ಗಣಿತ, ವಿವೇಕ ಎಲ್ಲವೂ ಒಂದೇ ನೊಗಕ್ಕೆ ಹೆಗಲು ಕೊಟ್ಟರೆ ಮಾತ್ರ ಈ ಬಂಡಿ ಸಾಗುತ್ತದೆ. ಮಾತುಕತೆಯಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ವರ್ಷಗಳ ರೂಢಿ ಕೈಹಿಡಿದು ನಡೆಸುತ್ತದೆ; ಕುಶಲಪ್ರಶ್ನೆ, ಹಳೆಯ ಕಥೆ, ಒಂದು ಹಾಸ್ಯ ಇಷ್ಟರಿಂದಲೇ ಅರ್ಧ ಗಂಟೆ ಕಳೆಯಬಹುದು. ಹಣದ ಕೆಲಸದಲ್ಲಿ ಪ್ರತಿ ತಿಂಗಳೂ ಅಂಕಿ ಹೊಸದು, ರೂಢಿಯ ಸಹಾಯ ಅಲ್ಪ. ಹೀಗಾಗಿ ಮಾತು ನಿರರ್ಗಳವಾಗಿರುವಾಗಲೇ ಲೆಕ್ಕ ತೊದಲಲಾರಂಭಿಸುತ್ತದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 80,000ಕ್ಕೂ ಹೆಚ್ಚು ವೃದ್ಧರ ಸಾಲ ಮತ್ತು ಬಿಲ್ಲುಗಳ ದಾಖಲೆಯನ್ನು ಅವರ ವೈದ್ಯಕೀಯ ದಾಖಲೆಯೊಡನೆ ಹೋಲಿಸಿ ನೋಡಿದರು. ವೈದ್ಯರು ಡಿಮೆನ್ಷಿಯಾ ಎಂದು ಗುರುತಿಸುವುದಕ್ಕೆ 6 ವರ್ಷ ಮುಂಚೆಯೇ ಕೆಲವರು ಬಿಲ್ಲುಗಳನ್ನು ಕಟ್ಟದೆ ಬಿಡಲಾರಂಭಿಸಿದ್ದರು. ಕೀಲುನೋವು, ಹೃದಯಾಘಾತ ಮೊದಲಾದ ಬೇರೆ ಕಾಯಿಲೆಗಳಲ್ಲಿ ಈ ಕ್ರಮ ಕಾಣಲಿಲ್ಲ. ಆ ದೇಶದಲ್ಲಿ ಇಂಥ ದಾಖಲೆಗಳೆಲ್ಲ ಒಂದೆಡೆ ಸೇರುತ್ತವೆ. ನಮ್ಮಲ್ಲಿ ಅವು ಮೇಜಿನ ಡ್ರಾಯರಿನಲ್ಲಿ, ಗಾಡ್ರೇಜ್ ಬೀರುವಿನಲ್ಲಿ, ರಬ್ಬರ್ ಬ್ಯಾಂಡಿನೊಳಗೆ ಮಲಗಿರುತ್ತವೆ. ನಮ್ಮ ದೇಶದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇದೆ. ಇಷ್ಟು ಬೀರುಗಳನ್ನು ಯಾರು ತೆರೆದು ನೋಡಬೇಕು?

ನನಗೆ ಹತ್ತಿರದ ಒಂದು ಸಂಗತಿಯನ್ನು ಹೇಳುತ್ತೇನೆ. ಹೆಸರು ಬೇಡ. ಮಲ್ಲೇಶ್ವರದಲ್ಲಿರುವ ನನ್ನ ಸೋದರಮಾವಂದಿರಲ್ಲಿ ಕಿರಿಯರು ಸರ್ಕಾರದ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ಕುಮಾರವ್ಯಾಸನ ಸಂಧಿ ಸಂಧಿಗಳೇ ಅವರ ಬಾಯಲ್ಲಿ. ದಿವಾನರ ಕಾಲದ ಸಂಗತಿಗಳನ್ನು ಇಸವಿಯೊಡನೆ ಹೇಳಬಲ್ಲರು. ಅವರ ಮನೆಯಲ್ಲಿ ವರ್ಷಕ್ಕೊಂದರಂತೆ ಡೈರಿಗಳ ಸಾಲೇ ಇದೆ. ಅವರಿಗೆ 77 ನಡೆಯುತ್ತಿದ್ದಾಗ ಒಂದು ಏಪ್ರಿಲಿನಲ್ಲಿ ಕಂದಾಯದ ರಿಯಾಯಿತಿ ತಪ್ಪಿತು. ‘ಐದು ಪರ್ಸೆಂಟಿಗೆ ಏಕೆ ಒದ್ದಾಡಬೇಕು ಬಿಡಯ್ಯ’ ಎಂದರು. ಮಕ್ಕಳಿಗೆ ಸಂತೋಷವೇ ಆಯಿತು, ಅಂತೂ ಅಪ್ಪ ಸ್ವಲ್ಪ ಸಡಿಲಗೊಂಡರು ಎಂದು. ಆಮೇಲೆ ಒಂದು ವಾರದಲ್ಲಿ ಮೂರು ಸಲ ಕಾಫಿಪುಡಿ ಬಂದಿತು. ಹೂವಿನವಳಿಗೆ ತಿಂಗಳ ಹಣ ಎರಡು ಸಲ ಹೋಯಿತು. ಎರಡನೆಯ ಸಲದ್ದನ್ನು ಅವಳು ಹಿಂದಕ್ಕೆ ತಂದು ನನ್ನ ಅತ್ತೆಯ ಕೈಯಲ್ಲಿಟ್ಟು, ‘ಯಜಮಾನ್ರು ಮೊನ್ನೇನೇ ಕೊಟ್ಟವ್ರೆ ಕಣಮ್ಮ’ ಎಂದಳು. ಹೂವಿನವಳು ಹಿಂದಿರುಗಿಸಿದಳು, ಎಲ್ಲರೂ ಹೂವಿನವರಾಗಿರುವುದಿಲ್ಲ. ಅದೇ ವರ್ಷ ಯಾರೋ ನಯವಂತ ಯುವಕನೊಬ್ಬ ಮನೆಗೆ ಬಂದು, ನಡುಮನೆಯಲ್ಲಿ ಕಾಫಿ ಕುಡಿದು, ಆ ವಯಸ್ಸಿನಲ್ಲಿ ಅವರಿಂದ ಹತ್ತು ವರ್ಷ ಕಂತು ಕಟ್ಟುವ ವಿಮೆಯೊಂದಕ್ಕೆ ಸಹಿ ಹಾಕಿಸಿಕೊಂಡು ಹೋದ. ಅದಕ್ಕಾಗಿ ಅವಧಿ ಮುಗಿಯದ ಠೇವಣಿಯೊಂದು ಮುರಿಯಿತು.

ಇವೆಲ್ಲ ಹಣದ ನಷ್ಟ. ಹಣದಲ್ಲಿ ಅಳೆಯಲಾಗದ ನಷ್ಟ ಇನ್ನೊಂದಾಯಿತು. ಬ್ಯಾಂಕಿನಿಂದ ತಂದ 10,000 ರೂಪಾಯಿ ಕಾಣೆಯಾಯಿತು. ಹದಿನೈದು ವರ್ಷಗಳಿಂದ ಆ ಮನೆಯಲ್ಲಿ ಕೆಲಸ ಮಾಡಿಕೊಂಡಿದ್ದ ಹೆಂಗಸಿನ ಮೇಲೆ ಮಾವನವರು ಕಳ್ಳತನವನ್ನು ಹೊರಿಸಿದರು. ಅವಳು ಒಂದು ಮಾತನ್ನೂ ಆಡದೆ ಸೆರಗಿನಿಂದ ಕಣ್ಣೊರಸಿಕೊಂಡು ಹೊರಟುಹೋದಳು. ಮೂರು ತಿಂಗಳ ಅನಂತರ ಆ ನೋಟುಗಳು ಕಿಟ್ಟೆಲ್ ನಿಘಂಟಿನ ಹಾಳೆಗಳ ನಡುವೆ ಸಿಕ್ಕಿದವು. ಮಗಳು ಅವಳ ಮನೆಯನ್ನು ಹುಡುಕಿಕೊಂಡು ಹೋಗಿ ವಿಷಯ ತಿಳಿಸಿದಳು. ಅವಳು ಬಂದು ಮಾವನವರನ್ನು ನೋಡಿ ಹೋದಳು. ಕೆಲಸಕ್ಕೆ ಮರಳಲಿಲ್ಲ. ಬುದ್ಧಿ ಸಡಿಲಗೊಂಡವರು ತಾವೇ ಇಟ್ಟು ಮರೆತುದನ್ನು ಯಾರೋ ಕದ್ದರೆಂದು ನಂಬುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯವೆಂದು ವೈದ್ಯರು ಹೇಳುತ್ತಾರೆ. ಇಟ್ಟ ನೆನಪು ಇಲ್ಲ, ಇಟ್ಟ ಜಾಗದಲ್ಲಿ ವಸ್ತುವೂ ಇಲ್ಲ. ಆ ಶೂನ್ಯವನ್ನು ತುಂಬಲು ಮನಸ್ಸು ಒಂದು ಕಥೆಯನ್ನು ಕಟ್ಟುತ್ತದೆ. ಮನೆಯಲ್ಲಿ ಅತ್ಯಂತ ದುರ್ಬಲರು ಯಾರೋ ಅವರೇ ಆ ಕಥೆಯಲ್ಲಿ ಕಳ್ಳರಾಗುತ್ತಾರೆ. ಕೆಲಸದವಳು, ಸೊಸೆ, ಅಡುಗೆಯವನು. ನಮ್ಮ ಎಷ್ಟು ಮನೆಗಳಲ್ಲಿ ಹೀಗೆ ನಿರಪರಾಧಿಗಳು ಅಪವಾದ ಹೊತ್ತು ಹೋಗಿರಬಹುದು ಎಂದು ಎಣಿಸಿದರೆ ಮನಸ್ಸು ಕಲಕುತ್ತದೆ.

ಕೊನೆಗೆ ಮಾವನವರನ್ನು ವೈದ್ಯರಲ್ಲಿಗೆ ಕರೆದೊಯ್ದದ್ದಾಯಿತು. ನೂರರಿಂದ ಏಳನ್ನು ಕಳೆಯುತ್ತ ಹೋಗುವುದು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಒಂದು ಹಳೆಯ ಪ್ರಶ್ನೆ. ಅವರು 93, 86, 79, 72, 65 ಎಂದು ನೀರು ಕುಡಿದಂತೆ ಹೇಳಿ, ಕೇಳಿದ ತರುಣ ವೈದ್ಯೆಯನ್ನು ‘ಇನ್ನೂ ಬೇಕೇನಮ್ಮ?’ ಎಂದು ಕೇಳಿದರು. ಜೊತೆಯಲ್ಲಿ ಹೋಗಿದ್ದ ಮಕ್ಕಳಿಗೆ ನಾಚಿಕೆಯಾಯಿತು. ಆ ವೈದ್ಯೆ ಮಾತ್ರ ವಿವೇಕಿ. ‘ಮುಂದಿನ ಸಲ ಅವರ ಪಾಸ್‌ಬುಕ್ಕು, ಡೈರಿ ತನ್ನಿ’ ಎಂದಳು. ಮೂರು ವರ್ಷದ ಡೈರಿಗಳನ್ನು ಮುಂದಿಟ್ಟುಕೊಂಡಾಗ ಸಂಗತಿ ಬಯಲಾಯಿತು. ಮೊದಲನೆಯದರಲ್ಲಿ ಎರಡು ಗೀಟು ಎಲ್ಲ ತಿಂಗಳೂ ಇವೆ. ಎರಡನೆಯದರಲ್ಲಿ ಗೀಟು ಇವೆ, ಅವುಗಳ ಮೇಲಿನ ಮೊತ್ತ ಹಿಂದಿನ ತಿಂಗಳಿನದೇ ನಕಲು. ಮೂರನೆಯದರಲ್ಲಿ ಒಂದೇ ದಿನ ಹಾಲಿನ ಲೆಕ್ಕ ನಾಲ್ಕು ಸಲ, ಆಮೇಲೆ ಹನ್ನೊಂದು ದಿನ ಏನೂ ಇಲ್ಲ. ಅಕ್ಷರ ಮಾತ್ರ ಮೊದಲಿನಂತೆಯೇ ದುಂಡಗೆ. ಅಂಕಗಣಿತ ಉಳಿದಿತ್ತು, ಅದನ್ನು ಬದುಕಿಗೆ ಹೊಂದಿಸುವ ಶಕ್ತಿ ಹೋಗಿತ್ತು.

ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತೆ ನನ್ನೊಡನೆ ತಗ್ಗಿದ ದನಿಯಲ್ಲಿ, ‘ನನಗೆ ಎರಡು ವರ್ಷದಿಂದ ಗೊತ್ತಿತ್ತು ಕಣೋ. ಯಾರಿಗೆ ಅಂತ ಹೇಳಲಿ?’ ಎಂದರು.

ಕೇಳುಗರೇ, ನನ್ನ ಇಂದಿನ ಮಾತಿನ ತಿರುಳು ಅತ್ತೆಯ ಆ ಪ್ರಶ್ನೆಯಲ್ಲಿದೆ. ಗುರುತು ಮೊದಲು ಕಾಣುವುದು ಹಣದಲ್ಲಿ. ಆದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಬಾಯಿಬಿಟ್ಟು ಆಡುವ ಮಾತೂ ಹಣದ್ದೇ. ತಂದೆಗೆ ಮಂಡಿನೋವೆಂದರೆ ಮಗ ಧಾರಾಳವಾಗಿ ವಿಚಾರಿಸಬಹುದು. ತಂದೆಯ ಪಾಸ್‌ಬುಕ್ಕನ್ನು ಮಗ ತೆರೆದರೆ ಅದು ವಿಚಾರಣೆಯಲ್ಲ, ಆಸೆಬುರುಕತನ. ಅರವತ್ತು ಅಡಿ ನಲವತ್ತು ಅಡಿಯ ಹಳೆಯ ನಿವೇಶನಗಳು ಕೋಟಿಗಳ ಮಾತಾಗಿರುವ ಈ ಕಾಲದಲ್ಲಂತೂ, ಒಬ್ಬ ಮಗ ಕೇಳಿದರೆ ಇನ್ನೊಬ್ಬ ಮಗನಿಗೆ ಸಂಶಯ, ಮಗಳು ಕೇಳಿದರೆ ಅಳಿಯನ ಮೇಲೆ ಸಂಶಯ. ಕ್ಯಾಲಿಫೋರ್ನಿಯದಲ್ಲಿರುವ ಮಗ ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪನೊಡನೆ ಕ್ರಿಕೆಟ್ಟಿನ ಮಾತಾಡಿ, ಅಪ್ಪ ಚೆನ್ನಾಗಿಯೇ ಇದ್ದಾರೆಂದು ಇಲ್ಲಿಯೇ ಇರುವ ತಂಗಿಗೆ ಹೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಅವನಿಗೆ ಕೇಳಿಸುವುದು ಮಾತು, ಅವಳಿಗೆ ಕಾಣುವುದು ಕಟ್ಟದ ಬಿಲ್ಲು.

ಹಿರಿಯರ ಕಡೆಯಿಂದಲೂ ಇದನ್ನು ನೋಡಬೇಕು. ಲೆಕ್ಕ ಎಂಬ ಶಬ್ದವನ್ನು ನಮ್ಮ ನುಡಿ ಬಳಸುವ ರೀತಿ ವಿಚಿತ್ರ. ಗಣನೆಗೂ ಅದೇ ಮಾತು, ಗೌರವಕ್ಕೂ ಅದೇ ಮಾತು. ‘ಈ ಮನೆಯಲ್ಲಿ ನಾನು ಲೆಕ್ಕಕ್ಕೇ ಇಲ್ಲ’ ಎಂದು ಮುದುಕರು ಹೇಳುವಾಗ ಅವರು ಹಣದ ಮಾತಾಡುತ್ತಿರುವುದಿಲ್ಲ. ಆದರೆ ಅವರ ಕೈಯಿಂದ ಲೆಕ್ಕದ ಪುಸ್ತಕ ಹೋದ ದಿನವೇ ತಾವು ಲೆಕ್ಕದಿಂದ ಹೊರಗಾದೆವೆಂದು ಅವರಿಗೆ ಅನ್ನಿಸುತ್ತದೆ. ಆ ಭಯದಿಂದ ಅವರು ತಪ್ಪನ್ನು ಮುಚ್ಚುತ್ತಾರೆ, ರೇಗುತ್ತಾರೆ, ಬಿಲ್ಲನ್ನು ದಿಂಬಿನಡಿಗೆ ಸೇರಿಸುತ್ತಾರೆ.

ಮಾಸ್ತಿಯವರು ‘ಲಿಯರ್ ಮಹಾರಾಜ’ ಎಂದು ಕನ್ನಡಿಸಿದ ಷೇಕ್ಸ್‌ಪಿಯರನ ನಾಟಕವನ್ನು ಎಷ್ಟೋ ವರ್ಷ ತರಗತಿಯಲ್ಲಿ ಪ್ರಸ್ತಾಪಿಸಿದ್ದೇನೆ. ಕೃತಘ್ನ ಮಕ್ಕಳ ನಾಟಕವೆಂದೇ ನಾವು ಅದನ್ನು ಕಲಿಸುವುದು. ಈಗ ಓದಿದರೆ ಮೊದಲ ದೃಶ್ಯವೇ ಬೇರೆಯಾಗಿ ಕಾಣುತ್ತದೆ. ಎಂಬತ್ತು ದಾಟಿದ ಒಬ್ಬ ವೃದ್ಧ, ಯಾರು ಹೆಚ್ಚು ಪ್ರೀತಿಯ ಮಾತಾಡುತ್ತಾರೋ ಅವರಿಗೆ ಹೆಚ್ಚು ನೆಲ ಎಂದು, ಒಂದೇ ಬೆಳಗಿನಲ್ಲಿ ಆಸ್ತಿಯನ್ನೆಲ್ಲ ಹಂಚಿಬಿಡುತ್ತಾನೆ. ಹುಚ್ಚು ಬಿರುಗಾಳಿಯ ದೃಶ್ಯದಲ್ಲಿ ಆರಂಭವಾಗುವುದೆಂದು ವಿಮರ್ಶಕರು ಹೇಳಿಕೊಳ್ಳಲಿ. ಅದು ಆರಂಭವಾದದ್ದು ಆ ಪಾಲುಪಟ್ಟಿಯಲ್ಲಿ. ಇದು ಸರಿಯಲ್ಲ ಎಂದು ಎದುರು ನಿಂತು ಹೇಳಿದವನು ನಿಷ್ಠಾವಂತನಾದ ಕೆಂಟ್ ಒಬ್ಬನೇ. ಅವನಿಗೆ ದೊರೆತದ್ದು ಗಡೀಪಾರು. ನಮ್ಮ ಮನೆಗಳಲ್ಲಿಯೂ ಮೊದಲು ಬಾಯಿಬಿಟ್ಟವರ ಗತಿ ಸಾಮಾನ್ಯವಾಗಿ ಅದೇ.

ಹಾಗೆಂದು ಹಿರಿಯರ ಪ್ರತಿಯೊಂದು ವಿಚಿತ್ರ ವ್ಯವಹಾರವನ್ನೂ ಕಾಯಿಲೆಯೆಂದು ಕರೆಯಹೊರಟರೆ ಅದು ಅನ್ಯಾಯವಾದೀತು. ಡಿ.ವಿ.ಜಿ.ಯವರ ವಿಷಯದಲ್ಲಿ ಬಸವನಗುಡಿಯವರು ಕೇಳಿ ಬಲ್ಲ ಮಾತೊಂದಿದೆ. ಸರ್ಕಾರ ಗೌರವಧನವೆಂದು ಕಳುಹಿಸಿದ ಚೆಕ್ಕುಗಳನ್ನು ಅವರು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿ ಹಾಗೆಯೇ ಇಟ್ಟುಬಿಟ್ಟಿದ್ದರಂತೆ. ಪೆಟ್ಟಿಗೆಯಲ್ಲಿ ಉಳಿದ ಚೆಕ್ಕು ಒಬ್ಬರಲ್ಲಿ ಮರೆವು, ಇನ್ನೊಬ್ಬರಲ್ಲಿ ವ್ರತ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಸಾವಿರಾರು ಹಿರಿಯರು ಕಂಗೆಟ್ಟರು. ಅವರಿಗೆ ಬುದ್ಧಿ ಕೆಟ್ಟಿರಲಿಲ್ಲ. ಹೆಚ್ಚಿನ ಬಡ್ಡಿ, ಪರಿಚಿತ ಮುಖ, ಹತ್ತಿರದ ಶಾಖೆ, ದೇವರ ಹೆಸರು ಇವನ್ನು ನಂಬುವುದು ಎಲ್ಲ ವಯಸ್ಸಿನವರೂ ಮಾಡುವ ಕೆಲಸ. ಹಾಗೆಯೇ ಗಂಡ ತೀರಿಕೊಂಡ ಮೇಲೆ ಮೊದಲ ಬಾರಿಗೆ ಬ್ಯಾಂಕಿನ ಫಾರಂ ಹಿಡಿದ ತಾಯಿ ತಡವರಿಸಿದರೆ ಅದೂ ಕಾಯಿಲೆಯಲ್ಲ. ಅವರಿಗೆ ಐವತ್ತು ವರ್ಷ ಯಾರೂ ಆ ಫಾರಂ ತೋರಿಸಿರಲಿಲ್ಲ. ಫೋನಿನಲ್ಲಿ ಹಣ ಕಳುಹಿಸುವುದು, ಓಟಿಪಿ ಒತ್ತುವುದು ಬಾರದಿದ್ದರೆ ಅದೂ ಅಲ್ಲ. ನನಗೇ ಅದು ಇನ್ನೂ ಸರಿಯಾಗಿ ಬಾರದು. ಹೊಸದನ್ನು ಕಲಿಯಲಾರದಿರುವುದು ಬೇರೆ, ಚೆನ್ನಾಗಿ ಬಲ್ಲ ಹಳೆಯದು ಕೈಬಿಟ್ಟು ಹೋಗುವುದು ಬೇರೆ. ಆದುದರಿಂದ ಹೋಲಿಸಬೇಕಾದುದು ಈ ಹಿರಿಯರನ್ನು ನೆರೆಮನೆಯ ಹಿರಿಯರೊಡನೆ ಅಲ್ಲ, ಐದು ವರ್ಷದ ಹಿಂದಿನ ಅವರೊಡನೆಯೇ. ಜುಗ್ಗರೆಂದು ಹೆಸರಾದವರು ಇದ್ದಕ್ಕಿದ್ದಂತೆ ಕಂಡವರಿಗೆಲ್ಲ ದಾನ ಮಾಡತೊಡಗಿದರೆ ಅದನ್ನು ವೈರಾಗ್ಯವೆಂದು ಕೊಂಡಾಡುವ ಮೊದಲು ಒಂದು ಕ್ಷಣ ನಿಲ್ಲಬೇಕು. ಮಿದುಳಿನ ಮುಂಭಾಗವನ್ನು ಹಿಡಿಯುವ ಒಂದು ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಗಟ್ಟಿಯಾಗಿರುವಾಗಲೇ ಸ್ವಭಾವವೂ ವಿವೇಚನೆಯೂ ಹೀಗೆ ತಲೆಕೆಳಗಾಗುತ್ತವೆ.

ತಾಯಂದಿರಲ್ಲಿ ಲೆಕ್ಕದ ಪುಸ್ತಕ ಬೇರೆಡೆ ಇರುತ್ತದೆ. ಸಾಸಿವೆ ಡಬ್ಬಿಯ ಹಣ, ಚೀಟಿಯ ಕಂತು, ಕೆಲಸದವಳ ಸಂಬಳ, ಮನೆಸಾಮಾನಿನ ಪಟ್ಟಿ. ಬೇಳೆ ಎಷ್ಟು ದಿನಕ್ಕೆ ಬರುತ್ತದೆಂದು ಕಣ್ಣಳತೆಯಲ್ಲಿ ಹೇಳುತ್ತಿದ್ದವರ ಕಪಾಟಿನಲ್ಲಿ ಆರು ಕೆ.ಜಿ. ಬೆಲ್ಲ ಸೇರಿದ್ದು ಕಂಡರೆ ಅದೂ ಒಂದು ದಾಖಲೆಯೇ.

ಲೆಕ್ಕ ತಪ್ಪಿದ್ದು ಕಂಡೊಡನೆ ಹಣೆಬರಹವೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ವಿಟಮಿನ್ ಬಿ-12ರ ಕೊರತೆ, ಥೈರಾಯ್ಡಿನ ತೊಂದರೆ, ಖಿನ್ನತೆ, ಕೆಲವು ಔಷಧಿಗಳು ಇವೂ ಬುದ್ಧಿಯನ್ನು ಮಸುಕುಗೊಳಿಸುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಬಿ-12 ಮುಖ್ಯವಾಗಿ ಮಾಂಸಾಹಾರದಲ್ಲಿಯೂ ಸ್ವಲ್ಪಮಟ್ಟಿಗೆ ಹಾಲುಮೊಸರಿನಲ್ಲಿಯೂ ದೊರೆಯುವಂಥದು; ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಅದು ಇನ್ನೂ ಕಡಿಮೆಯಾಗುತ್ತದೆ. ಸಸ್ಯಾಹಾರ, ಮಧುಮೇಹ ಎರಡೂ ಧಾರಾಳವಾಗಿರುವ ನಮ್ಮ ಬಡಾವಣೆಗಳವರು ಇದನ್ನು ಗಮನಿಸಬೇಕು. ರಕ್ತಪರೀಕ್ಷೆ ಒಂದು ಬೆಳಗಿನ ಕೆಲಸ. ಮುಂದಿನ ಪರೀಕ್ಷೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಆದರೆ 1974ರಲ್ಲಿ ಆ ಸಂಸ್ಥೆ ಈ ಹೆಸರನ್ನು ಪಡೆಯುವ ಮುಂಚೆ ಅಲ್ಲಿದ್ದ ಮಾನಸಿಕ ಆಸ್ಪತ್ರೆಯ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಹೋಗಿಲ್ಲ. ‘ನನ್ನನ್ನು ಹುಚ್ಚಾಸ್ಪತ್ರೆಗೆ ಕರಕೊಂಡು ಹೋಗ್ತೀಯೇನೋ?’ ಎಂದು ಕೇಳುತ್ತಾರೆ. ಮೊದಲು ಮನೆಯ ವೈದ್ಯರಿಂದಲೇ ಆ ಮಾತು ಬಂದರೆ ಅರ್ಧ ಜಗಳ ಉಳಿಯುತ್ತದೆ. ಹೋಗುವಾಗ ಡೈರಿಯನ್ನೂ ಪಾಸ್‌ಬುಕ್ಕನ್ನೂ ಒಯ್ಯುವುದನ್ನು ಮರೆಯಬಾರದು.

ಇದನ್ನೆಲ್ಲ ಬೇಗ ಮಾಡಬೇಕೆಂದು ನಾನು ಒತ್ತಾಯಿಸುವುದಕ್ಕೆ ಕಾಯಿಲೆಗಿಂತ ಹೆಚ್ಚಾಗಿ ಕಾನೂನು ಕಾರಣ. ನಮ್ಮ ಅನೇಕರು ಒಂದು ಭ್ರಮೆಯಲ್ಲಿದ್ದಾರೆ. ಅಪ್ಪ ಮಗನ ಹೆಸರಿಗೆ ಮುಖ್ತಿಯಾರನಾಮೆ, ಅಂದರೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಾರೆ, ಮುಂದೆ ಬುದ್ಧಿ ಹೋದರೂ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. 1872ರ ಕರಾರು ಕಾಯಿದೆಯ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲವೆಂದಾದಾಗ ಆ ಅಧಿಕಾರ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಯಾವ ದಿನಕ್ಕೆಂದು ಆ ಕಾಗದವನ್ನು ಜೋಪಾನ ಮಾಡಿದ್ದರೋ ಆ ದಿನವೇ ಅದು ಕೈಕೊಡುತ್ತದೆ. ಆಮೇಲೆ ಉಳಿಯುವುದು ನ್ಯಾಯಾಲಯದ ದಾರಿ, ಅದು ಉದ್ದದ ದಾರಿ. ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರು ಆಲ್‌ಝೈಮರ್ ಕಾಯಿಲೆಗೆ ತುತ್ತಾದ ಮೇಲೆ, ಅವರನ್ನು ಯಾರು ನೋಡಿಕೊಳ್ಳಬೇಕು, ಯಾರು ಭೇಟಿಯಾಗಬಹುದು ಎಂಬ ಪ್ರಶ್ನೆ 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೂ ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಕೋಟ್ಯಂತರ ಜನರ ಪರವಾಗಿ ಮಾತನಾಡಿದವರು, 2019ರಲ್ಲಿ ತೀರಿಕೊಳ್ಳುವವರೆಗೆ, ತಮ್ಮ ಬಗೆಗೆ ತಾವೇ ಒಂದು ಮಾತು ಹೇಳುವ ಸ್ಥಿತಿಗೆ ಮರಳಲಿಲ್ಲ.

ಆದುದರಿಂದ ಕೆಲಸ ನಡೆಯಬೇಕಾದುದು ಆ ನಡುವಿನ ಕಾಲದಲ್ಲಿ. ಲೆಕ್ಕ ತಪ್ಪಲಾರಂಭಿಸಿದೆ, ಆದರೆ ತಮಗೇನು ಬೇಕೆಂಬುದನ್ನು ಹಿರಿಯರು ಇನ್ನೂ ಸ್ಪಷ್ಟವಾಗಿ ಹೇಳಬಲ್ಲರು. ಆ ಕಾಲ ಕೆಲವರಲ್ಲಿ ಒಂದು ವರ್ಷ, ಕೆಲವರಲ್ಲಿ ಐದು. ಖಾತೆಗೆ ಹೆಂಡತಿಯನ್ನೋ ಮಗಳನ್ನೋ ಜಂಟಿಯಾಗಿ ಸೇರಿಸುವುದು, ನಾಮಿನಿಯ ಹೆಸರನ್ನು ನೋಡುವುದು, ಬಿಲ್ಲುಗಳು ಖಾತೆಯಿಂದ ತಾವಾಗಿಯೇ ಸಂದಾಯವಾಗುವಂತೆ ಮಾಡುವುದು, ಉಯಿಲನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡುವುದು, ಎಲ್ಲ ಮಕ್ಕಳೂ ಕುಳಿತಿರುವಾಗಲೇ ಇವನ್ನು ಹಿರಿಯರ ಬಾಯಿಂದಲೇ ಹೇಳಿಸುವುದು. ಗುಟ್ಟಾಗಿ ಒಬ್ಬ ಮಗ ಮಾಡಿಸಿದ ಸರಿಯಾದ ಕೆಲಸಕ್ಕಿಂತ ಎಲ್ಲರ ಎದುರು ಅಪ್ಪ ಮಾಡಿದ ಅರೆಬರೆ ಕೆಲಸ ಮೇಲು ಎಂಬುದು ನನ್ನ ಅಭಿಪ್ರಾಯ. ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿ ಕೊಡುವ ಆತುರವಂತೂ ಬೇಡ. ಕೊಡಲೇಬೇಕೆಂದಿದ್ದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತು ಆ ಪತ್ರದಲ್ಲಿಯೇ ಇರಲಿ. ಆ ಷರತ್ತು ಮುರಿದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಕಾಯಿದೆ ಕಲ್ಪಿಸಿದೆ. ಬ್ಯಾಂಕುಗಳೂ 70 ದಾಟಿದವರ ಮನೆಬಾಗಿಲಿಗೇ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಹೇಳಿದೆ. ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ ಎಂಬುದು ಬೇರೆ ಮಾತು.

ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ, ವೃದ್ಧರ ಠೇವಣಿಗಳನ್ನು ಬರಿದು ಮಾಡುವ ಕಳ್ಳರ ಹಾವಳಿಯನ್ನು ತಾವು ಪತ್ರಿಕೆಗಳಲ್ಲಿ ಓದಿದ್ದೀರಿ. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ಚುರುಕು ಬುದ್ಧಿಯವರೇ ಈ ಬಲೆಗೆ ಬೀಳುತ್ತಿರುವಾಗ ಸಡಿಲ ಬುದ್ಧಿಯವರ ಪಾಡು ಹೇಳಬೇಕಾಗಿಲ್ಲ. ಹಣ ಹೋದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಫೋನು ಮಾಡಿದರೆ ಅದು ಕಳ್ಳರ ಕೈಸೇರುವ ಮೊದಲೇ ತಡೆಯುವ ಸಾಧ್ಯತೆಯಿದೆ. ತಡೆಯುವವರಿಗೆ ಬೇಕಾದುದು ಗಂಟೆಗಳ ಲೆಕ್ಕ. ನಮ್ಮ ಮನೆಗಳಲ್ಲಿ ನಾಚಿಕೆಯಿಂದ ವಾರಗಳನ್ನು ಕಳೆಯುತ್ತೇವೆ.

ಕೈಯಿಂದ ವ್ಯವಹಾರವನ್ನು ತೆಗೆದುಕೊಳ್ಳುವುದು ಅನಿವಾರ್ಯವಾದಾಗಲೂ ಎಲ್ಲವನ್ನೂ ತೆಗೆದುಕೊಳ್ಳಬಾರದು. ನಮ್ಮ ಮಾವನವರ ಮನೆಯಲ್ಲಿ ಈಗ ಬಿಲ್ಲುಗಳನ್ನೆಲ್ಲ ಮಗಳು ನೋಡಿಕೊಳ್ಳುತ್ತಾಳೆ. ಪ್ರತಿ ತಿಂಗಳ ಮೊದಲ ದಿನ ಹತ್ತು, ಇಪ್ಪತ್ತರ ನೋಟುಗಳಲ್ಲಿ 500 ರೂಪಾಯಿಯನ್ನು ಮಾವನವರ ಕೈಗೆ ಕೊಡುತ್ತಾರೆ. ಅವರು ಎರಡು ಸಲ ಎಣಿಸಿ ಜೇಬಿಗಿಟ್ಟುಕೊಳ್ಳುತ್ತಾರೆ. ಜನವರಿಯಲ್ಲಿ ಹೊಸ ಡೈರಿಯೂ ಬರುತ್ತದೆ. ಅದರಲ್ಲಿ ಹಾಲು ಎಂದು ಮೂರು ಸಲ ಬರೆದಿರುತ್ತಾರೆ, ಯಾರೂ ತಿದ್ದುವುದಿಲ್ಲ. ಸಂಜೆ ಬಾಗಿಲಿಗೆ ಬರುವ ಹೂವಿನವಳಿಗೆ ಅವರೇ ಹಣ ಕೊಡುವುದು. ಅವಳು ಕೊಟ್ಟಷ್ಟು ಸಲವೂ ಕೈಯೊಡ್ಡಿ ತೆಗೆದುಕೊಳ್ಳುತ್ತಾಳೆ. ಹೆಚ್ಚಾದುದನ್ನು ಸೆರಗಿನ ತುದಿಯಲ್ಲಿ ಬೇರೆಯಾಗಿ ಗಂಟಿಟ್ಟುಕೊಂಡಿದ್ದು, ಶುಕ್ರವಾರ ಅತ್ತೆಯ ಕೈಗೆ ಹಿಂದಿರುಗಿಸುತ್ತಾಳೆ.